ಸೋಮವಾರ ಎಣಿಸಿದ ಗೇಟು

ದೆವ್ವ, ಶಕುನ, ಮುನ್ಸೂಚನೆ ಇವೆಲ್ಲ ಕೆಲಸವಿಲ್ಲದವರ ಮಾತು ಎಂದು ಬಹಳ ವರ್ಷ ವಾದಿಸಿಕೊಂಡು ಬಂದವನು ನಾನು. ಮುಸ್ಸಂಜೆ ಹುಣಸೆಮರದ ಕೆಳಗೆ ಹೋಗಬೇಡ ಎಂದು ನಮ್ಮವ್ವ ಹೇಳಿದರೆ ಬೇಕೆಂದೇ ಅಲ್ಲಿಗೆ ಹೋಗಿ ಬೀಡಿ ಹಚ್ಚುತ್ತಿದ್ದೆ. ಆದ್ದರಿಂದ ಈಗ ಹೇಳುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ.

ತೊಂಬತ್ತರ ದಶಕದಲ್ಲಿ ಕೊಟ್ಟೂರಿನ ಕಡೆ ರೈಲು ಹಳಿ ಬದಲಿಸುವ ಕೆಲಸ ನಡೆದಿತ್ತು. ನಾನು ಒಬ್ಬ ಗುತ್ತಿಗೆದಾರರ ಹತ್ತಿರ ಸೂಪರ್‌ವೈಸರ್ ಆಗಿದ್ದೆ. ಪ್ಯಾಸೆಂಜರ್ ರೈಲು ಬಂದ್ ಆಗಿತ್ತು, ಓಡುತ್ತಿದ್ದುದು ನಮ್ಮ ಜಲ್ಲಿ ಗಾಡಿ ಒಂದೇ. ಜಲ್ಲಿ ತುಂಬಿದ ಡಬ್ಬಿಗಳು ಮುಂದೆ, ಅವನ್ನು ತಳ್ಳುವ ಎಂಜಿನ್ ಹಿಂದೆ. ಡ್ರೈವರನಿಗೆ ಮುಂದಿನ ಹಳಿ ಸರಿಯಾಗಿ ಕಾಣುತ್ತಿರಲಿಲ್ಲ. ಅದಕ್ಕೇ ಒಂದು ನಿಯಮವಿತ್ತು. ಕಾವಲುಗಾರನಿಲ್ಲದ ಪ್ರತಿ ಗೇಟಿನಲ್ಲೂ ಗಾಡಿ ನಿಲ್ಲಬೇಕು. ಒಬ್ಬ ಕೆಂಪು ಬಾವುಟ ಹಿಡಿದು ಇಳಿದು, ರಸ್ತೆಯ ಎರಡೂ ಕಡೆ ನೋಡಿ, ಆಮೇಲೆ ಗಾಡಿಯನ್ನು ದಾಟಿಸಬೇಕು.

ಹೀಗೆ ನಿಂತು ನಿಂತು ಹೋದರೆ ದಿನಕ್ಕೊಂದು ಸುತ್ತು ತಪ್ಪುತ್ತಿತ್ತು. ಓಡಾಟ ಕಡಿಮೆ ಇರುವ ಗೇಟಿಗೆ ಈ ನಿಯಮದಿಂದ ವಿನಾಯಿತಿ ಕೇಳಬಹುದಿತ್ತು. ಅದಕ್ಕೆ ಒಂದು ಹಗಲು ಗೇಟಿನ ಹತ್ತಿರ ಕೂತು, ಎಷ್ಟು ಚಕ್ಕಡಿ, ಎಷ್ಟು ಸೈಕಲ್ಲು, ಎಷ್ಟು ಜನ ದಾಟಿದರು ಎಂದು ಫಾರಂ ತುಂಬಬೇಕು. ನಾನು ಅಂಥ ಮೂರು ಗೇಟುಗಳನ್ನು ಎಣಿಸಿದೆ. ಮೂರನ್ನೂ ಸೋಮವಾರವೇ ಎಣಿಸಿದೆ.

ಸೋಮವಾರ ಬಸವಣ್ಣನ ವಾರ. ನಮ್ಮ ಕಡೆ ಆ ದಿನ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ, ಹೊಲದ ಹಾದಿಗಳಲ್ಲಿ ಚಕ್ಕಡಿಯೇ ಇರುವುದಿಲ್ಲ. ನಾನೇನು ಹೊರಗಿನಿಂದ ಬಂದವನಲ್ಲ, ಒಕ್ಕಲುತನದ ಮನೆಯಲ್ಲೇ ಹುಟ್ಟಿದವನು. ಗೊತ್ತಿದ್ದೇ ಮಾಡಿದೆ. ಚಕ್ಕಡಿಯ ಕಾಲಂನಲ್ಲಿ ಸೊನ್ನೆ ಬರೆದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ರೈಲ್ವೆ ಕಚೇರಿಯಿಂದ ವಿನಾಯಿತಿ ಬಂತು, ಗುತ್ತಿಗೆದಾರರು ಬೆನ್ನು ತಟ್ಟಿದರು.

ನಮ್ಮ ಹಳೆಯ ಗ್ಯಾಂಗ್‌ಮನ್ ಹನುಮಂತಪ್ಪ ಮಾತ್ರ ಕೇಳಿದ: "ಸೋಮಾರ ಎಣಿಸೀರಂತಲ್ರಿ ಸರ. ಉಳದ ದಿನ ದಾಟೋರು ಮನಷ್ಯಾರಲ್ಲೇನ್ರಿ?"

"ಅವರಿಗೂ ಕಣ್ಣದಾವ ಬಿಡಪ್ಪ, ನೋಡಿ ದಾಟ್ತಾರ" ಎಂದೆ. ಆ ಮಾತು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಅದಾದ ಕೆಲವು ವಾರಕ್ಕೆ, ಸೋಮವಾರವೇ, ದೀಪ ಹಚ್ಚುವ ಹೊತ್ತಿಗೆ ಕೊನೆಯ ಸುತ್ತಿನ ಜಲ್ಲಿ ಹೊತ್ತು ಹೊರಟಿದ್ದೆವು. ಎಲ್ಲಕ್ಕಿಂತ ಮುಂದಿನ ಡಬ್ಬಿಯ ಮೇಲೆ ನಾನು ಮತ್ತು ಹನುಮಂತಪ್ಪ ಇದ್ದೆವು. ಮಧ್ಯಾಹ್ನ ಒಂದು ಮಳೆ ಬಿದ್ದು ನಿಂತಿತ್ತು. ವಿನಾಯಿತಿ ಸಿಕ್ಕ ಮೊದಲ ಗೇಟು ಹತ್ತಿರ ಬರುತ್ತಿತ್ತು, ನಿಲ್ಲುವ ಮಾತೇ ಇರಲಿಲ್ಲ.

ಆಗ ಹಳಿಯ ಮೇಲೆ ಚಕ್ಕಡಿ ಕಂಡಿತು. ಮಬ್ಬಾಗಿ ಅಲ್ಲ, ಈ ಕಾಗದ ಕಂಡಷ್ಟೇ ಸ್ಪಷ್ಟವಾಗಿ. ಒಂದು ಬಿಳಿ ಎತ್ತು, ಒಂದು ಕೆಂದೆತ್ತು. ಕೆಂದೆತ್ತಿನ ಎಡಗಿವಿ ಸೀಳಿತ್ತು. ಅದು ಹಳಿ ದಾಟಲೊಲ್ಲದೆ ಕಾಲೂರಿ ನಿಂತಿತ್ತು. ಚಕ್ಕಡಿಯಲ್ಲಿ ಹಸಿರು ಸೀರೆಯ ಹೆಂಗಸೊಬ್ಬಳು ಕೂಸನ್ನು ಎದೆಗವಚಿಕೊಂಡು ನಮ್ಮ ಕಡೆಗೇ ನೋಡುತ್ತಿದ್ದಳು. ನಾನು ಕಿರುಚಿದೆ. ಹನುಮಂತಪ್ಪ ಬಾವುಟ ಬೀಸಿದ. ಡ್ರೈವರ್ ಬ್ರೇಕ್ ಹಾಕಿದರೂ ಗಾಡಿ ಗೇಟನ್ನು ದಾಟಿಯೇ ನಿಂತಿತು.

ಇಳಿದು ನೋಡಲು ನನಗೆ ಧೈರ್ಯ ಬರಲಿಲ್ಲ. ಹನುಮಂತಪ್ಪ ರಟ್ಟೆ ಹಿಡಿದು ಇಳಿಸಿದ. ಅಲ್ಲಿ ಏನೂ ಇರಲಿಲ್ಲ. ಎತ್ತಿಲ್ಲ, ಚಕ್ಕಡಿ ಇಲ್ಲ, ಒಂದು ಹನಿ ರಕ್ತವಿಲ್ಲ. ಮಳೆಗೆ ನೆಂದ ಕೆಮ್ಮಣ್ಣಿನ ಮೇಲೆ ಒಂದು ಗಾಲಿಯ ಗುರುತೂ ಇರಲಿಲ್ಲ. ಸಮಾಧಾನ ಆಗಬೇಕಿತ್ತು ನನಗೆ. ಬದಲಿಗೆ ಅಲ್ಲೇ ಜಲ್ಲಿಯ ಮೇಲೆ ಕುಸಿದು ಕೂತೆ.

"ನಿನಗ ಕಾಣಲಿಲ್ಲೇನು?" ಎಂದು ಕೇಳಿದೆ.

"ಕಾಣಲಿಲ್ರಿ ಸರ" ಎಂದ ಹನುಮಂತಪ್ಪ. "ಆದ್ರ ಎತ್ತಿನ ಗೆಜ್ಜಿ ಸಪ್ಪಳ ಕೇಳಿದೆ. ಇವತ್ತ ಸೋಮಾರಲ್ರಿ, ಯಾರ ಕಟ್ಟಿರ್ತಾರ?" ಎಂದ. ಆಮೇಲೆ ಆ ಮಾತನ್ನು ಅವನು ಎಂದೂ ಒಪ್ಪಿಕೊಳ್ಳಲಿಲ್ಲ. ಡ್ರೈವರ್ ನನ್ನ ಬಾಯಿ ಮೂಸಿ ನೋಡಿದ.

ಮಂಗಳವಾರ ಸಂಜೆ ನಾನು ಗಾಡಿ ಹತ್ತಲಿಲ್ಲ. ಸೈಕಲ್ ತುಳಿದುಕೊಂಡು ಮೊದಲೇ ಹೋಗಿ, ಬಾವುಟ ಹಿಡಿದು ಆ ಗೇಟಿನಲ್ಲಿ ನಿಂತೆ. ಬುಧವಾರವೂ ನಿಂತೆ. ವಿನಾಯಿತಿ ತಂದವನೇ ಹೀಗೆ ನಿಂತರೆ ಹೇಗೆ ಎಂದು ಗುತ್ತಿಗೆದಾರರು ಬೈದರು. ಹುಡುಗರು ನನಗೆ ಗೇಟಪ್ಪ ಎಂದು ಹೆಸರಿಟ್ಟರು. ಯಾವ ಚಕ್ಕಡಿಯೂ ಆ ಹೊತ್ತಿಗೆ ಬರಲಿಲ್ಲ. ಬರಲಿಲ್ಲವೆಂದು ಭಯ ಇಳಿಯಲೂ ಇಲ್ಲ, ರಾತ್ರಿ ಕಣ್ಣು ಮುಚ್ಚಿದರೆ ಆ ಸೀಳಿದ ಕಿವಿ ಕಾಣುತ್ತಿತ್ತು. ಗುರುವಾರ ಹೋಗಲೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿದೆ. ಇದೊಂದು ದಿನ ಎಂದುಕೊಂಡು ಹೋದೆ.

ಜಲ್ಲಿ ಗಾಡಿಯ ಸದ್ದು ದೂರದಲ್ಲಿ ಕೇಳುತ್ತಿತ್ತು. ಜೋಳದ ಹೊಲದ ತಿರುವಿನಿಂದ ಮೊದಲು ಗೆಜ್ಜೆ ಸಪ್ಪಳ ಬಂತು, ಆಮೇಲೆ ಚಕ್ಕಡಿ. ಬಿಳಿ ಎತ್ತು, ಕೆಂದೆತ್ತು. ನಿಲ್ಲಿಸು ಎಂದು ಕೂಗಬೇಕಿತ್ತು, ನಾನು ಕೆಂದೆತ್ತನ್ನೇ ನೋಡುತ್ತ ನಿಂತುಬಿಟ್ಟೆ. ಅಷ್ಟರಲ್ಲಿ ಅವು ಹಳಿಗೆ ಬಂದಿದ್ದವು. ಕೆಂದೆತ್ತು ಹಳಿಗಳ ನಡುವೆ ಕಾಲೂರಿ ನಿಂತುಬಿಟ್ಟಿತು. ಹೊಡೆಯುವವನು ಬಾರುಕೋಲು ಬೀಸಿದರೂ ಅಲುಗಲಿಲ್ಲ. ಹಸಿರು ಸೀರೆಯವಳು ಕೂಸನ್ನು ಎದೆಗವಚಿಕೊಂಡು ಗಾಡಿ ಬರುವ ಕಡೆ ನೋಡಿದಳು. ನಾನು ಬಾವುಟ ಬೀಸುತ್ತ ಹಳಿಯ ಮೇಲೆ ಗಾಡಿಗೆ ಎದುರಾಗಿ ಓಡಿದೆ. ಮುಂದಿನ ಡಬ್ಬಿಯ ಮೇಲಿದ್ದ ಹನುಮಂತಪ್ಪ ಕಂಡು ಡ್ರೈವರನಿಗೆ ಸನ್ನೆ ಮಾಡಿದ. ಚಕ್ಕಡಿಗೆ ನಾಲ್ಕು ಮಾರು ಉಳಿದಿತ್ತು, ಗಾಡಿ ನಿಂತಿತು.

ಆ ಹೆಂಗಸು ಅಳುತ್ತಲೇ ಇಳಿದು ನನ್ನ ಕಾಲು ಮುಟ್ಟಲು ಬಂದಳು. ನಾನು ಹಿಂದೆ ಸರಿದೆ. ನನಗೆ ಅವಳ ಮುಖ ನೋಡಲೂ ಹೆದರಿಕೆ. ಚಕ್ಕಡಿ ಹೊಡೆಯುತ್ತಿದ್ದ ಅವಳ ಗಂಡನನ್ನು ಕೇಳಿದೆ, "ಸೋಮವಾರ ಈ ಹೊತ್ತಿಗೆ ಇಲ್ಲಿಗೆ ಬಂದಿದ್ರೇನು?"

"ಸೋಮಾರ ಯಾರ ಎತ್ತು ಕಟ್ತಾರ್ರಿ ಯಣ್ಣ?" ಎಂದ ಅವನು. "ಅಲ್ಲದ ಈ ಕೆಂದೆತ್ತು ನಮ್ಮ ಮನಿಗೆ ಬಂದದ್ದ ಇವತ್ತ ಮುಂಜಾನಿ. ಹಡಗಲಿ ಕಡೆಯಿಂದ ನಮ್ಮ ಅಕ್ಕನ ಗಂಡ ಹೊಡಕಂಡು ಬಂದು ಕೊಟ್ಟ. ರೈಲು ಹಳಿ ನೋಡಿಲ್ಲರಿ ಅದು, ಬೆದರೇತಿ."

ನಾನು ಎತ್ತಿನ ಎಡಕ್ಕೆ ಹೋಗಿ ನೋಡಿದೆ. ಕಿವಿ ಸೀಳಿತ್ತು.

ಮರುದಿನವೇ ಮೂರೂ ಗೇಟಿನ ವಿನಾಯಿತಿ ರದ್ದು ಮಾಡಿರೆಂದು ಬರೆದುಕೊಟ್ಟೆ. ಕಾರಣ ಕೇಳಿದರು. ಸೋಮವಾರ ಎಣಿಸಿದ್ದು ತಪ್ಪು ಎಂದಷ್ಟೇ ಬರೆದೆ. ಅದು ನಿಜವೂ ಆಗಿತ್ತು. ಗುತ್ತಿಗೆದಾರರು ನನ್ನನ್ನು ಕೆಲಸದಿಂದ ತೆಗೆದರು, ಅದಕ್ಕೆ ನನಗೆ ದುಃಖವಿಲ್ಲ.

ಮೂರು ದಿನದ ಮುಂಚೆ ಆ ಜೋಡಿ ನನಗೆ ಹೇಗೆ ಕಂಡಿತು, ಯಾರು ತೋರಿಸಿದರು, ಇಂದಿಗೂ ತಿಳಿಯದು. ದೇವರು ಎನ್ನುವವರಿದ್ದಾರೆ, ನಿನ್ನ ಪಾಪವೇ ನಿನಗೆ ಕಂಡಿತು ಎಂದವರೂ ಇದ್ದಾರೆ. ಪಾಪಕ್ಕೆ ಎತ್ತಿನ ಕಿವಿ ಸೀಳಿದ್ದು ಹೇಗೆ ಗೊತ್ತಾಗಬೇಕು? ಅದಕ್ಕಿಂತ ಇನ್ನೊಂದು ಯೋಚನೆ ಬಂದರೆ ಈಗಲೂ ಎದೆ ಧಸಕ್ಕೆನ್ನುತ್ತದೆ. ನಾನು ಎಣಿಸಿದ ಗೇಟುಗಳು ಮೂರು. ಇನ್ನೆರಡು ಗೇಟುಗಳಲ್ಲಿ ಅಷ್ಟೂ ವಾರ ನಿಲ್ಲದೆ ಗಾಡಿ ಓಡಿಸಿದ್ದೆವು. ಅಲ್ಲೂ ಚಕ್ಕಡಿಗಳು ದಾಟುತ್ತಿದ್ದವು. ಅಲ್ಲಿ ನನಗೆ ಏನೂ ಕಾಣಿಸಿರಲಿಲ್ಲ.