ಮೂರೇ ತಂತಿಯ ಕೇಬಲ್

೨೦೦೩ರಲ್ಲಿ ನಾನು ಹಾವೇರಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಸರ್ವಿಸ್ ಇಂಜಿನಿಯರ್ ಆಗಿದ್ದೆ. ಓದಿದ್ದು ಎಲೆಕ್ಟ್ರಾನಿಕ್ಸ್, ಮಾಡುತ್ತಿದ್ದುದು ಹೆಚ್ಚಾಗಿ ಬ್ಯಾಡಗಿಯ ಮೆಣಸಿನಕಾಯಿ ವರ್ತಕರ ಪ್ರಿಂಟರುಗಳಿಂದ ಕೆಂಪು ಧೂಳು ಕೊಡವಿ ಸೀನುವ ಕೆಲಸ. ಒಂದು ಬೆಳಿಗ್ಗೆ ರಾಣೆಬೆನ್ನೂರಿನ ಸಣ್ಣ ನರ್ಸಿಂಗ್ ಹೋಮಿನಿಂದ ಕರೆ ಬಂತು. ಲ್ಯಾಬಿನ ಪ್ರಿಂಟರು ಆಗಾಗ ಸಾಲುಗಳನ್ನು ನುಂಗುತ್ತದಂತೆ.

ಕಂಪ್ಯೂಟರು ಒಳಕೋಣೆಯಲ್ಲಿತ್ತು, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಹೊರಗಿನ ಕೌಂಟರಿನಲ್ಲಿ. ಪ್ರಿಂಟರಿಗೆ ಸೀರಿಯಲ್, ಪ್ಯಾರಲಲ್ ಎರಡೂ ಬಗೆಯ ಕಿಂಡಿಗಳಿದ್ದವು. ಹಾಕಿದ್ದು ಗೋಡೆಗುಂಟ ಹೋಗುವ ಉದ್ದನೆಯ ಸೀರಿಯಲ್ ಕೇಬಲ್. ಪುಸ್ತಕದ ಪ್ರಕಾರ ಆಯ್ಕೆ ಸರಿ. ಪ್ಯಾರಲಲ್ ಕೇಬಲ್ ಒಂದು ಅಕ್ಷರದ ಎಂಟು ಬಿಟ್‌ಗಳನ್ನು ಎಂಟು ತಂತಿಗಳಲ್ಲಿ ಒಟ್ಟಿಗೆ ಕಳಿಸುತ್ತದೆ, ಆದರೆ ಮೂರು ನಾಲ್ಕು ಮೀಟರ್ ದಾಟಿದರೆ ಅದನ್ನು ನಂಬುವಂತಿಲ್ಲ. ಸೀರಿಯಲ್ ಒಂದೊಂದೇ ಬಿಟ್ ಕಳಿಸುತ್ತದೆ. ನಿಧಾನ, ಆದರೆ ದೂರ ಮುಟ್ಟುತ್ತದೆ.

ಒಂದು ಪುಟ ಪ್ರಿಂಟ್ ಕೊಟ್ಟೆ, ಸರಿಯಾಗಿ ಬಂತು. ಇನ್ನೊಂದು ಕೊಟ್ಟೆ, ಅದೂ ಸರಿ.

"ನೀವು ಬಂದ್ರ ಛಲೋ ನಡೀತೈತ್ರಿ, ಹೋದ್ರ ಮತ್ತ ಕೆಡತೈತಿ," ಎಂದಳು ಲ್ಯಾಬಿನ ಶಿವಲೀಲಾ.

"ಯಾವಾಗ ಕೆಡತೈತಿ?"

"ಗದ್ದಲ ಇದ್ದಾಗ್ರಿ."

ಜನರ ಗದ್ದಲಕ್ಕೂ ಪ್ರಿಂಟರಿಗೂ ಏನು ಸಂಬಂಧ? ತಿಳಿಯದೆ, ಹೊರಡಲೆಂದು ಬ್ಯಾಗಿನ ಜಿಪ್ ಎಳೆದೆ.

ಮೋಟೆಬೆನ್ನೂರಿನ ಫಕ್ಕೀರಪ್ಪ ಎಂಬ ರೋಗಿ ಕೌಂಟರಿನ ಮುಂದೆ ಆಗಿನಿಂದ ಗೊಣಗುತ್ತಿದ್ದ. "ಆ ಹಲಗೇರಿ ಅಕ್ಕಂದು ರಿಪೋರ್ಟ್ ಯಾವಾಗೋ ಬಂತು. ನಂದೇನು ಹಾವೇರಿಗೆ ಹೋಗಿ ಬರತೈತೇನು?"

"ಬರತೈತಿ, ಕುಂದ್ರಿ ಯಜಮಾನ್ರ," ಎಂದಳು ಶಿವಲೀಲಾ.

ಹಲಗೇರಿಯ ಆ ಅಕ್ಕ ಗಂಗವ್ವ. ಜ್ವರಕ್ಕೆಂದು ಬಂದವಳು ಬೆಂಚಿನ ಮೇಲೆ ತೋಳೇರಿಸಿ ಕುಳಿತಿದ್ದಳು. ಅವಳ ರಿಪೋರ್ಟಿನಲ್ಲಿ ಸಕ್ಕರೆ ೪೧೨. ಫೋನಿನಲ್ಲಿ ಅದನ್ನು ಕೇಳಿದ ಡಾಕ್ಟರು ಇನ್ಸುಲಿನ್ ಕೊಡಲು ಹೇಳಿದ್ದರು. ನರ್ಸ್ ಆಗಲೇ ಸಿರಿಂಜಿಗೆ ಔಷಧ ಎಳೆದಿದ್ದಳು.

"ನನಗ ಸಕ್ಕರಿ ಬ್ಯಾನಿ ಎಂದೂ ಇಲ್ಲಬೇ."

"ಎಲ್ಲಾರೂ ಹಂಗ ಅಂತಾರ. ಕೈ ಹಿಡೀರಿ."

ಗಂಗವ್ವನ ರಿಪೋರ್ಟ್ ಕೌಂಟರಿನ ಮೇಲೆ ನನ್ನ ಮುಂದೆಯೇ ಬಿದ್ದಿತ್ತು. ನಾನು ತೆಗೆದ ಪುಟಗಳಲ್ಲಿ ಹೆಸರಿನ ಕೆಳಗೆ ವಯಸ್ಸು, ಊರು, ಒಂದು ಗೆರೆ, ಆಮೇಲೆ ಅಂಕಿಗಳು. ಇದರಲ್ಲಿ ಹೆಸರಾದ ಕೂಡಲೇ ಅಂಕಿ. ಒಬ್ಬರ ಹಾಳೆಯಲ್ಲಿ ಸಾಲುಗಳಿಲ್ಲ. ಇನ್ನೊಬ್ಬರ ಹಾಳೆಯೇ ಇಲ್ಲ.

"ಸಿಸ್ಟರ್, ತಡೀರಿ."

"ನೀವು ಪ್ರಿಂಟರ್ ನೋಡ್ರಿ. ಪೇಶಂಟ್ ನಾವು ನೋಡ್ತೇವಿ."

"ಒಮ್ಮೆ ಸ್ಕ್ರೀನಿನ್ಯಾಗ ನೋಡಿ ಆಮ್ಯಾಲೆ ಕೊಡ್ರಿ."

ಶಿವಲೀಲಾ ಒಳಗೆ ಹೋಗಿ ಓದಿದಳು: ಗಂಗವ್ವ, ೮೪. ಫಕ್ಕೀರಪ್ಪ, ೪೧೨.

೮೪ ಇದ್ದ ಮೈಗೆ ಆ ಇನ್ಸುಲಿನ್ ಹೋಗಿದ್ದರೆ ಪ್ರಾಣಕ್ಕೇ ಕುತ್ತು. ನರ್ಸ್ ಸಿರಿಂಜನ್ನು ಕೆಳಗಿಟ್ಟಳು.

"ಹಂಗಾರ ಸೂಜಿ ಇಲ್ಲೇನ್ರಿ?" ಎಂದು ಗಂಗವ್ವ ಖುಷಿಯಿಂದ ತೋಳು ಇಳಿಸಿಕೊಂಡಳು.

ಕೇಬಲಿನ ತುದಿ ಬಿಚ್ಚಿದೆ. ಒಳಗೆ ಮೂರೇ ತಂತಿ. ಪ್ರಿಂಟರಿನ ಮೆಮೊರಿ ತುಂಬಿದಾಗ ಕಂಪ್ಯೂಟರಿಗೆ 'ತಡಿ' ಎಂದು ಹೇಳುವ ತಂತಿಯನ್ನು ಬೆಸೆದೇ ಇರಲಿಲ್ಲ. ಒಂದೆರಡು ಪುಟಗಳಿಗೆ ಅದು ಬೇಕಾಗುವುದೂ ಇಲ್ಲ. ಬೆಳಗಿನ ಗದ್ದಲದಲ್ಲಿ ರಿಪೋರ್ಟುಗಳೆಲ್ಲ ಒಟ್ಟಿಗೆ ಹೊರಟಾಗ ಹಿಡಿಸದ ಸಾಲುಗಳು ಬಿದ್ದುಹೋಗುತ್ತಿದ್ದವು. ಆ ದಿನ ಬಿದ್ದದ್ದು ಗಂಗವ್ವನ ಅಂಕಿಗಳು ಮತ್ತು ಫಕ್ಕೀರಪ್ಪನ ಹೆಸರು. ಅವಳ ಹೆಸರಿನ ಕೆಳಗೆ ಅವನ ಅಂಕಿಗಳು ಬಂದು ಕೂತಿದ್ದವು.

ಪ್ರಿಂಟರನ್ನು ಒಳಗೆ ತಂದು ಕಂಪ್ಯೂಟರಿನ ಪಕ್ಕದಲ್ಲಿಟ್ಟು ಗಿಡ್ಡ ಪ್ಯಾರಲಲ್ ಕೇಬಲ್ ಹಾಕಿದೆ. ಹಾಗೆಂದು ಸೀರಿಯಲ್ ತಪ್ಪಾಗಿತ್ತೇ? ಎಲ್ಲ ತಂತಿ ಬೆಸೆದಿದ್ದರೆ ಅದೂ ಸರಿಯೇ ಇರುತ್ತಿತ್ತು. ಯಾರನ್ನು ದೂರಬೇಕೆಂದು ಇಂದಿಗೂ ನನಗೆ ತಿಳಿದಿಲ್ಲ. ಫಕ್ಕೀರಪ್ಪ ತಾಳ್ಮೆಯ ಮನುಷ್ಯನಾಗಿದ್ದರೆ ಏನಾಗುತ್ತಿತ್ತು ಎಂಬಲ್ಲಿಗೆ ಬಂದು ಯೋಚನೆ ನಿಲ್ಲುತ್ತದೆ.

ಅಂದಿನಿಂದ ಎಲ್ಲಿ ಪ್ರಿಂಟರ್ ಕೂಡಿಸಿದರೂ ಬಂದ ಹಾಳೆ ನೋಡಿ ಎದ್ದುಬಿಡುವುದಿಲ್ಲ. ಹೊರಗೆ ಹೋಗಿ ಬೆಂಚಿನ ಮೇಲೆ ಕಾಯುತ್ತಿರುವವರನ್ನು ಕೇಳುತ್ತೇನೆ: "ನಿಮ್ದು ಬಂತೇನ್ರಿ?"