ಅವಧಿ ಮೀರಿದ ಆರು ಪ್ಯಾಕೆಟ್

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ನನಗೆ ಸಿಗಬೇಕಿದ್ದ ಒಂದು ಸರ್ಕಾರಿ ಕೆಲಸ ತಪ್ಪಿಹೋಯಿತು, ಅದನ್ನು ಒಂದು ವರ್ಷಕ್ಕೂ ಮೇಲೆ ನಮ್ಮ ಅವ್ವನ ತಲೆಗೆ ಕಟ್ಟಿ ಓಡಾಡಿದೆ.

ಶೆಟ್ಟಿಕೊಪ್ಪದಲ್ಲಿ ರಸ್ತೆಯ ಬದಿಗೇ ನಮ್ಮ ಮನೆ. ಇದ್ದದ್ದು ನಾನು, ಅವ್ವ ಇಬ್ಬರೇ. ಅಪ್ಪ ನಾನು ಶಾಲೆಗೆ ಸೇರುವ ಮೊದಲೇ ತೀರಿಕೊಂಡಿದ್ದ. ಅವ್ವ ತೋಟದ ಕೂಲಿಗೆ ಹೋಗುತ್ತಿದ್ದಳು. ನಾನೂ ಹೋಗುತ್ತಿದ್ದೆ, ಆದರೆ ಹೋಗುವ ಮೊದಲು ಓಡುತ್ತಿದ್ದೆ. ಬೆಳಕು ಹರಿಯುತ್ತಿದ್ದ ಹಾಗೆ ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಎನ್.ಆರ್. ಪುರದ ಕಡೆಗೆ ಒಂದಷ್ಟು ದೂರ ಓಡಿ ವಾಪಸ್ ಬರುವುದು. ಡೇರಿಗೆ ಹಾಲು ಹೊತ್ತು ಹೊರಟವರು ನಿಂತು ನೋಡುತ್ತಿದ್ದರು. "ಎಂತದೇ ಮಾರಾಯ್ತಿ, ನಾಯಿ ಅಟ್ಟಿಸ್ಕೊಂಡು ಬಂತಾ?" ಎಂದು ಒಬ್ಬರಲ್ಲ ಒಬ್ಬರು ದಿನಾ ಕೇಳುತ್ತಿದ್ದರು. ದಿನಾ ಅದೇ ಮಾತು. ಬೇರೆ ತಮಾಷೆಯಾದರೂ ಹುಡುಕಬಾರದಾ ಎಂದು ನನಗೆ ರೇಗುತ್ತಿತ್ತು.

ಓಡುತ್ತಿದ್ದದ್ದು ಗಾರ್ಡ್ ಕೆಲಸಕ್ಕೆ. ಯಾವ ಇಲಾಖೆ ಎಂದು ಹೇಳುವುದಿಲ್ಲ, ಹೆಸರು ಬಾಯಿಗೆ ಬಂದರೆ ಈಗಲೂ ಬೈಗುಳವೂ ಜೊತೆಗೇ ಬರುತ್ತದೆ. ಹೆಂಗಸರನ್ನೂ ತೆಗೆದುಕೊಳ್ಳುತ್ತಾರೆಂದು ಪೇಪರಿನಲ್ಲಿ ಬಂದಿತ್ತು. ಮೂರು ಕಿಲೋಮೀಟರನ್ನು ಅವರು ಹೇಳಿದ ಹೊತ್ತಿನೊಳಗೆ ಓಡಿ ಮುಗಿಸಬೇಕು. ಅರ್ಜಿ ಹಾಕುವಾಗ ನನ್ನ ವಯಸ್ಸು ಗಡಿಯ ಒಳಗೆ ಹೇಗೋ ಮುದುರಿಕೊಂಡು ಕೂತಿತ್ತು. ಇದೊಂದು ತಪ್ಪಿದರೆ ಇನ್ನೊಂದು ಅರ್ಜಿ ಹಾಕುವ ಹಾಗಿರಲಿಲ್ಲ. ನನ್ನ ಹೈಸ್ಕೂಲಿನ ಪಿಟಿ ಮೇಷ್ಟ್ರು ಎನ್.ಆರ್. ಪುರದಲ್ಲೇ ಇದ್ದರು. ಭಾನುವಾರ ಭಾನುವಾರ ಶಾಲೆಯ ಮೈದಾನದಲ್ಲಿ ಕೈಗಡಿಯಾರ ನೋಡುತ್ತ ನಿಂತು ನನ್ನನ್ನು ಓಡಿಸುತ್ತಿದ್ದರು. "ಮೊದಲ್ನೇ ಸುತ್ತು ನಿಧಾನ, ಮಾರಾಯ್ತಿ. ಹೊಟ್ಟೆಕಿಚ್ಚಿಗೆ ಓಡಬೇಡ" ಎನ್ನುವುದು ಅವರ ಪಾಠದಲ್ಲಿ ಮುಕ್ಕಾಲು ಪಾಲು.

ಎರಡು ಸಾವಿರದ ಆರರ ಚಳಿಗಾಲವಿರಬೇಕು, ಸೈಕಲ್ಲಿನಲ್ಲಿ ಶೃಂಗೇರಿಗೆ ಹೊರಟಿದ್ದ ಇಬ್ಬರು ವಿದೇಶದವರು, ಗಂಡ ಹೆಂಡತಿಯೋ ಏನೋ, ನಮ್ಮ ಮನೆಯೆದುರು ಪಂಕ್ಚರ್ ಆಗಿ ನಿಂತರು. ಅವ್ವ ಅವರನ್ನು ಜಗಲಿಗೆ ಕರೆದು ಬೆಲ್ಲ, ನೀರು ಕೊಟ್ಟಳು. ಬಿಸಿಲಲ್ಲಿ ಬಂದವರು ಯಾರೇ ಆದರೂ ಅವಳಿಗೆ ಅಷ್ಟು ಕೊಡದೆ ಸಮಾಧಾನವಿಲ್ಲ. ಆ ಹೆಂಗಸು ಬೆಲ್ಲವನ್ನು ಕಚ್ಚಿ ಕಣ್ಣರಳಿಸಿ, ಹೋಗುವಾಗ ತನ್ನ ಚೀಲದಿಂದ ಆರು ಪ್ಯಾಕೆಟ್ ತೆಗೆದು ಅವ್ವನ ಕೈಗಿಟ್ಟಳು. ಬೆರಳುದ್ದದ, ಥಳಥಳ ಹೊಳೆಯುವ ಪ್ಯಾಕೆಟ್, ಮೇಲೆ ಕಿತ್ತಳೆ ಹಣ್ಣಿನ ಚಿತ್ರ. ನಿಂತಲ್ಲೇ ಓಡಿದ ಹಾಗೆ ಮಾಡಿ, ಪ್ಯಾಕೆಟ್ಟಿನ ತುದಿ ಹರಿದು ಬಾಯಿಗೆ ಹಿಂಡಿಕೊಂಡ ಹಾಗೆ ಮಾಡಿ, ತೋಳು ಮಡಚಿ ಶಕ್ತಿ ತೋರಿಸಿದಳು. ಮೇಷ್ಟ್ರಿಗೆ ಹೇಳಿದಾಗ ಅವರ ಮುಖ ಅರಳಿತು. "ಎನರ್ಜಿ ಜೆಲ್ ಅದು! ದೊಡ್ಡ ದೊಡ್ಡ ಓಟಗಾರರು ತಿನ್ನೋದು. ಟೆಸ್ಟಿನ ದಿನಕ್ಕೆ ಇಟ್ಕೋ" ಎಂದರು.

ಇಟ್ಟುಕೋ ಎನ್ನುವ ಮಾತನ್ನು ನಮ್ಮ ಅವ್ವನ ಕಿವಿಗೆ ಹಾಕಬಾರದಿತ್ತು. ಒಳ್ಳೆಯದೆಂದು ಕಂಡದ್ದನ್ನೆಲ್ಲ ಎತ್ತಿಡುವುದು ಅವಳ ಚಾಳಿ. ನೆಂಟರಿಗೆಂದು ಇಟ್ಟ ಒಳ್ಳೆ ಕಾಫಿಪುಡಿ ನೆಂಟರು ಬರುವಷ್ಟರಲ್ಲಿ ಮುಗ್ಗಿಹೋಗಿರುತ್ತಿತ್ತು. ನನಗೆಂದು ತಂದ ಹೊಸ ಸ್ವೆಟರು ಎರಡು ವರ್ಷ ಟ್ರಂಕಿನಲ್ಲಿ ಕೂತು, ಹೊರಗೆ ಬಂದಾಗ ತೋಳು ನನ್ನ ಮೊಣಕೈಗೆ ಬಂತು. ಇನ್ನೊಂದು ಚಾಳಿಯೂ ಇತ್ತು. ಮಳೆಗಾಲದಲ್ಲಿ ಗುಡ್ಡದಿಂದ ಅಣಬೆ ತಂದು ಸಾರು ಮಾಡಿದ ದಿನ ತಾನು ಮೊದಲು ಬಡಿಸಿಕೊಂಡು ಉಣ್ಣುತ್ತಿದ್ದಳು. ನಾನು ಖಾಲಿ ತಟ್ಟೆ ಹಿಡಿದು ಅವಳ ಬಾಯಿ ನೋಡುತ್ತ ಕೂತಿರಬೇಕು. ಅವಳು ಉಂಡು, ಕೈತೊಳೆದು, ಕೊಟ್ಟಿಗೆಯ ಕೆಲಸ ಮುಗಿಸಿ ಬಂದ ಮೇಲೆ ನನಗೆ ಬಡಿಸುವುದು. ಎಂಥ ತಾಯಿಯಪ್ಪಾ ಎಂದು ಚಿಕ್ಕವಳಿದ್ದಾಗ ಹಸಿವಿನಲ್ಲಿ ಅತ್ತಿದ್ದೇನೆ.

ಹಾಗಾಗಿ ಆರೂ ಪ್ಯಾಕೆಟ್ ಟ್ರಂಕಿಗೆ ಹೋದವು, ಟ್ರಂಕಿನ ಕೀ ಅವ್ವನ ಸೊಂಟಕ್ಕೆ. "ಒಂದು ತಿಂದು ನೋಡ್ತೀನಿ ಅವ್ವ, ಹೊಟ್ಟೆಗೆ ಆಗ್ತದಾ ಇಲ್ವಾ ಗೊತ್ತಾಗ್ಬೇಕಲ್ಲ" ಎಂದರೆ, "ಟೆಸ್ಟಿಗೆ ಇರ್ಲಿ" ಎನ್ನುತ್ತಿದ್ದಳು. ಮೇಷ್ಟ್ರೂ ಅದನ್ನೇ ಹೇಳುತ್ತಿದ್ದರು. ಓಡುವವಳು ನಾನು, ತಿನ್ನಬೇಕಾದವಳು ನಾನು, ತೀರ್ಮಾನ ಮಾತ್ರ ಇವರಿಬ್ಬರದು.

ಟೆಸ್ಟಿಗೆ ಬರಬೇಕೆಂದು ಮೊದಲ ಕಾರ್ಡು ಬಂತು. ನಾನು ಓಟ ಹೆಚ್ಚಿಸಿದೆ, ಕೂಲಿಗೆ ಹೋಗುವುದು ಬಿಟ್ಟೆ, ತಲೆಗೆ ಎಣ್ಣೆ ಹಚ್ಚಿ ಸ್ನಾನ ಮಾಡಿ ಹೊರಡಲು ತಯಾರಾದೆ. ಹಿಂದಿನ ದಿನದ ಪೇಪರಿನಲ್ಲಿ ಮುಂದೂಡಲಾಗಿದೆ ಎಂದು ಎರಡೇ ಎರಡು ಸಾಲು. ಕೆಲವು ತಿಂಗಳ ಮೇಲೆ ಎರಡನೇ ಕಾರ್ಡು. ಅದೂ ಮುಂದಕ್ಕೆ ಹೋಯಿತು, ಯಾರೋ ಕೋರ್ಟಿಗೆ ಹೋಗಿದ್ದಾರಂತೆ. ಮೂರನೆಯದು ಬಂದು ನಾನು ಬಸ್ಸು ಹತ್ತಿ ಕೊಪ್ಪದವರೆಗೆ ಹೋಗಿ, ಅಲ್ಲಿ ಸಿಕ್ಕ ಇನ್ನೊಬ್ಬಳು ಹುಡುಗಿಯಿಂದ ಇದೂ ಮುಂದಕ್ಕೆ ಹೋದ ವಿಷಯ ತಿಳಿದು ವಾಪಸ್ ಬಂದೆ. ಆ ದಿನ ಬಸ್ ಸ್ಟ್ಯಾಂಡಿನ ಕಂಬಕ್ಕೆ ಒದ್ದು ಕಾಲಿನ ಹೆಬ್ಬೆರಳು ಊದಿಸಿಕೊಂಡೆ. ಓಡುವವಳು ಕಾಲನ್ನು ನೋಡಿಕೊಳ್ಳಬೇಕಾದ ರೀತಿ ಅದು!

ಊದಿದ ಬೆರಳಿಗೆ ಅರಿಶಿನ ಹಚ್ಚಿಸಿಕೊಳ್ಳುತ್ತ ಕೂತಿದ್ದಾಗ ಪ್ಯಾಕೆಟ್ಟಿನ ನೆನಪಾಯಿತು. ಒಂದನ್ನು ತೋರಿಸು ಎಂದೆ. ಅವ್ವ ಒಳಗೆ ಹೋಗಿ ಒಂದೇ ಒಂದನ್ನು ತಂದಳು. ಹಿಂಬದಿಯಲ್ಲಿ ಇರುವೆ ಕಾಲಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ, ಇಂಥ ತಿಂಗಳಿನ ಒಳಗೆ ಬಳಸಿದರೆ ಉತ್ತಮ ಎಂದು ಬರೆದಿತ್ತು. ಆ ತಿಂಗಳು ಕಳೆದು ಅರ್ಧ ವರ್ಷದ ಮೇಲಾಗಿತ್ತು.

ಎನ್.ಆರ್. ಪುರದ ಮೆಡಿಕಲ್ ಶಾಪಿಗೆ ಒಯ್ದು ಕೇಳಿದೆ. ಅಂಗಡಿಯವರು ತಿರುಗಿಸಿ ಮುರುಗಿಸಿ ನೋಡಿ, "ಇದು ಔಷಧಿನೂ ಅಲ್ಲ, ತಿಂಡಿನೂ ಅಲ್ಲ. ಡೇಟ್ ಆಗಿದೆ ಅಂದ್ಮೇಲೆ ಬಿಸಾಕು ಮಾರಾಯ್ತಿ" ಎಂದರು. ಮೇಷ್ಟ್ರು, "ಉತ್ತಮ ಅಂತ ತಾನೇ ಇರೋದು? ಆಮೇಲೆ ವಿಷ ಆಗ್ತದೆ ಅಂತ ಎಲ್ಲಿದೆ?" ಎಂದರು. ಅವ್ವನನ್ನು ಕೇಳಿದರೆ, "ಎಂತದೂ ಆಗಲ್ಲ, ನೀನು ತಿನ್ನು" ಎಂದಳು. ಅಕ್ಷರ ಓದಲು ಬಾರದವಳು ಅಷ್ಟು ಧೈರ್ಯವಾಗಿ ಹೇಳಿದ್ದು ನೋಡಿ ನನಗೆ ಮೈಯೆಲ್ಲ ಉರಿಯಿತು. ನಿನಗೇನು ಗೊತ್ತು, ಎತ್ತಿಟ್ಟು ಎತ್ತಿಟ್ಟು ಹಾಳು ಮಾಡಿದವಳೇ ನೀನು ಎಂದು ಕೂಗಾಡಿದೆ. ಅವಳು ಪ್ಯಾಕೆಟ್ಟನ್ನು ಸೆರಗಿನಲ್ಲಿ ಒರೆಸಿ ಮತ್ತೆ ಟ್ರಂಕಿಗೇ ಹಾಕಿದಳು.

ನಾಲ್ಕನೇ ಕಾರ್ಡು ಬಂತು. ಈ ಸಲ ಮುಂದೂಡಲಿಲ್ಲ. ಹೊರಡುವ ದಿನ ಬೆಳಗ್ಗೆ, ತಿಂದೇಬಿಡುವುದೆಂದು ತೀರ್ಮಾನಿಸಿ ಪ್ಯಾಕೆಟ್ ಕೊಡು ಎಂದೆ. ಓಟಕ್ಕೆ ಮೊದಲು ಎರಡು, ಮೈದಾನಕ್ಕೆ ಇಳಿಯುವಾಗ ಒಂದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ಅವ್ವ ಎರಡು ತಂದು ಕೈಗಿಟ್ಟಳು.

"ಉಳಿದದ್ದು?"

"ಇಷ್ಟೇ ಇರೋದು."

"ಆರಿತ್ತಲ್ಲ ಅವ್ವ! ನಾಲ್ಕು ಎಲ್ಲಿ ಹೋಯ್ತು?"

ಅವಳು ನನ್ನ ಮುಖ ನೋಡಲಿಲ್ಲ. "ಮೆಣಸೆ ದೊಡ್ಡಮ್ಮ ಬಂದಿದ್ಲಲ್ಲ, ಕೇಳಿದ್ಲು, ಕೊಟ್ಟೆ" ಎಂದಳು.

ದೊಡ್ಡಮ್ಮ ಅಂದರೆ ಅವ್ವನ ಅಕ್ಕ, ಮೆಣಸೆ ಅವಳ ಊರು. ಸಿಹಿ ಕಂಡರೆ ಬಿಡುವವಳಲ್ಲ, ಅದಕ್ಕೇ ನಾನು ನಂಬಿದೆ. ನನ್ನ ಬಾಯಿಂದ ಆಗ ಬಂದ ಮಾತುಗಳನ್ನು ಇಲ್ಲಿ ಬರೆಯಲಾರೆ. ಮಗಳಿಗೆ ಒಂದು ಮುಟ್ಟಲು ಬಿಡದೆ ಅಕ್ಕನಿಗೆ ನಾಲ್ಕು ತಿನ್ನಿಸಿದವಳು ನೀನು, ನಾನು ಇದೇ ಕೂಲಿಯಲ್ಲಿ ಸಾಯಲಿ ಎಂದು ನಿನಗೆ ಆಸೆ, ಎಂದದ್ದು ಅವುಗಳಲ್ಲಿ ಮೆತ್ತಗಿನದು. ಅವಳು ಬಾಗಿಲವರೆಗೆ ಬಂದು ಹಣೆಗೆ ಕುಂಕುಮ ಇಡಲು ಕೈ ಎತ್ತಿದಳು. ನಾನು ತಲೆ ಕೊಡವಿ ಬಸ್ಸಿಗೆ ಓಡಿದೆ.

ಚಿಕ್ಕಮಗಳೂರಿನ ಮೈದಾನದಲ್ಲಿ ನಮ್ಮನ್ನು ಬಿಸಿಲೇರುವ ತನಕ ಸಾಲಿನಲ್ಲಿ ಕೂರಿಸಿದ್ದರು. ನನ್ನ ಗುಂಪಿನ ಹೆಸರು ಕರೆಯುವ ಹೊತ್ತಿಗೆ ಎರಡನ್ನೂ ಹರಿದು ಬಾಯಿಗೆ ಹಿಂಡಿಕೊಂಡೆ. ಹಲಸಿನ ಅಂಟಿನ ಹಾಗೆ ಗಟ್ಟಿಯಾಗಿತ್ತು, ಕಿತ್ತಳೆಯ ವಾಸನೆ ಹೋಗಿ ಬರೀ ಸಿಹಿ ಉಳಿದಿತ್ತು. ಗಂಟಲಿಗೆ ಮೆತ್ತಿಕೊಂಡಿತು. ನೀರು ಕುಡಿಯೋಣವೆಂದರೆ ಬಾಟಲಿ ಅಷ್ಟರಲ್ಲಾಗಲೇ ಖಾಲಿ.

ಸೀಟಿ ಊದಿದರು. ಏಳೂವರೆ ಸುತ್ತು. ನಿಧಾನ ಎಂದು ಮೇಷ್ಟ್ರು ಸಾವಿರ ಸಲ ಹೇಳಿದ ಮೊದಲ ಸುತ್ತನ್ನು ನಾನು ದೊಡ್ಡಮ್ಮನ ಜುಟ್ಟು ಹಿಡಿಯಲು ಹೊರಟವಳ ಹಾಗೆ ಓಡಿದೆ. ಎರಡನೆಯದನ್ನು ಅವ್ವನ ಮೇಲಿನ ಸಿಟ್ಟಿಗೆ ಓಡಿದೆ. ಎಲ್ಲರಿಗಿಂತ ಮುಂದಿದ್ದೆ. ಐದನೆಯದರಲ್ಲಿ ಪಕ್ಕೆ ಹಿಡಿಯಿತು. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿತು. ಹಿಂದಿದ್ದವರು ಒಬ್ಬೊಬ್ಬರಾಗಿ ದಾಟಿಹೋದರು. ಸಮಯ ಮುಗಿದ ಸೀಟಿ ಕೇಳಿದಾಗ ಗೆರೆ ಇನ್ನೂ ಹತ್ತು ಹನ್ನೆರಡು ಮಾರು ಮುಂದಿತ್ತು. ನನಗೆ ಅದು ಕಾಣುತ್ತಿತ್ತು, ಸುಣ್ಣದ ಪುಡಿಯ ಬಿಳಿ ಗೆರೆ.

ವಾಪಸ್ ಬರುವ ಬಸ್ಸಿನಲ್ಲಿ ಖಾಲಿ ಪ್ಯಾಕೆಟ್ಟು ಕೈಯಲ್ಲೇ ಇತ್ತು. ಮಾಡಲು ಬೇರೆ ಕೆಲಸವಿಲ್ಲದೆ ಅದನ್ನು ಪೂರ್ತಿ ಓದಿದೆ. ಒಂದು ಗಂಟೆಗೂ ಮೀರಿದ ಶ್ರಮಕ್ಕೆ ಮಾತ್ರ, ನೀರಿನ ಜೊತೆಗೆ, ಮೊದಲು ಅಭ್ಯಾಸದಲ್ಲಿ ತಿಂದು ನೋಡಿ, ಎಂದೆಲ್ಲ ಇತ್ತು. ಕಾಲು ಗಂಟೆ ಚಿಲ್ಲರೆಯ ಓಟಕ್ಕೆ ಅದು ಬೇಕಾಗಿಯೇ ಇರಲಿಲ್ಲ. ಎರಡು ವರ್ಷ ನಾವು ಮೂವರೂ ಅದನ್ನು ದೇವರ ಪ್ರಸಾದದ ಹಾಗೆ ಕಾಪಾಡಿದ್ದೆವು, ತಾರೀಖು ಬಿಟ್ಟು ಬೇರೇನನ್ನೂ ಒಬ್ಬರೂ ಓದಿರಲಿಲ್ಲ. ನಗಬೇಕಿತ್ತು. ನಾನು ಕಿಟಕಿ ಕಡೆ ತಿರುಗಿ ಬಾಳೆಹೊನ್ನೂರು ಬರುವ ತನಕ ಅತ್ತೆ.

ಆದರೂ ತಪ್ಪು ಹೊರಿಸಲು ಒಬ್ಬರು ಬೇಕಲ್ಲ. ಮೇಷ್ಟ್ರು ಗುರುಗಳು, ಅವರನ್ನು ಅನ್ನುವ ಹಾಗಿಲ್ಲ. ಇಲಾಖೆಗೆ ನನ್ನ ಕೂಗು ಕೇಳುವುದಿಲ್ಲ. ಅವ್ವ ಮನೆಯಲ್ಲೇ ಇದ್ದಳು. ಇನ್ನೊಂದು ಪ್ಯಾಕೆಟ್ ಇದ್ದಿದ್ದರೆ ಕೊನೆಯ ಹತ್ತು ಮಾರು ದಾಟುತ್ತಿದ್ದೆ ಎಂದು, ಸುಳ್ಳೆಂದು ಗೊತ್ತಿದ್ದೂ, ಅವಳಿಗೆ ಹೇಳಿದೆ. ಹೊಲಿಗೆ ಕಲಿಯಲು ಕೊಪ್ಪಕ್ಕೆ ಹೋಗಿ ಅಲ್ಲೇ ಒಂದು ರೂಮಿನಲ್ಲಿ ಉಳಿದೆ. ಮೆಣಸೆಯಲ್ಲಿ ದೊಡ್ಡಮ್ಮನ ಮಗಳ ಮದುವೆಗೆ ಕರೆದರೂ ಹೋಗಲಿಲ್ಲ. ಪಾಪದ ದೊಡ್ಡಮ್ಮ, ತನ್ನಿಂದೇನು ತಪ್ಪಾಯಿತೆಂದು ಊರವರನ್ನೆಲ್ಲ ಕೇಳಿದಳಂತೆ.

ಮರುವರ್ಷ ಬೇಸಿಗೆಯ ಕೊನೆಗೆ ಅವ್ವನಿಗೆ ಸೊಂಟ ಹಿಡಿದಿದೆ ಎಂದು ಸುದ್ದಿ ಬಂದು ಮನೆಗೆ ಹೋದೆ. ಮಳೆ ಹಿಡಿಯುವ ಮೊದಲು ಹಿತ್ತಲಿಗೆ ಸೌತೆ, ಬೆಂಡೆ ಬೀಜ ಹಾಕಬೇಕೆಂದು ಅವಳು ನರಳುತ್ತಿದ್ದಳು. "ಬೀಜ ಟ್ರಂಕಲ್ಲಿದೆ, ತಗೊಂಡು ಬಾ" ಎಂದು ಮೊದಲ ಸಲ ಕೀಯನ್ನು ಸೊಂಟದಿಂದ ಬಿಚ್ಚಿ ನನಗೆ ಕೊಟ್ಟಳು.

ಸೀರೆಗಳ ಅಡಿಯಲ್ಲಿ ನಾಲ್ಕು ಥಳಥಳ ಹೊಳೆಯುವ ಪ್ಯಾಕೆಟ್. ತುದಿಯನ್ನು ಕತ್ತರಿಯಲ್ಲಿ ನೇರವಾಗಿ ಕತ್ತರಿಸಿ, ಒಳಗೆ ತೊಳೆದು ಒಣಗಿಸಿ, ಬೀಜ ತುಂಬಿ, ಬಾಯಿ ಮಡಚಿ ದಾರ ಸುತ್ತಿದ್ದಳು. ನಾಲ್ಕನ್ನೂ ತಂದು ಅವಳ ಮುಂದೆ ಹಾಕಿದೆ.

"ದೊಡ್ಡಮ್ಮ ತಿಂದು ಸಿಪ್ಪೆ ನಿಂಗೆ ಕೊಟ್ಟು ಹೋದ್ಲಾ?"

ಅವ್ವ ಒಂದರ ದಾರ ಬಿಚ್ಚುತ್ತ ಕೂತಳು. "ಅವ್ಳು ತಿನ್ಲಿಲ್ಲ. ನಾನು ತಿಂದೆ" ಎಂದಳು.

"ನಾಲ್ಕೂ?"

"ಒಂದೊಂದು ಸಲಕ್ಕೆ ಒಂದೊಂದು. ಕಾರ್ಡು ಬಂದಾಗೆಲ್ಲ. ಯಾರೋ ಗೊತ್ತಿಲ್ದೋರು ಕೊಟ್ಟಿದ್ದು, ಒಳಗೆ ಎಂತ ಇದ್ಯೋ ಏನೋ. ಬೆಳಗ್ಗೆ ಖಾಲಿ ಹೊಟ್ಟೇಲಿ ತಿಂದು ಕೆಲ್ಸಕ್ಕೆ ಹೋಗ್ತಿದ್ದೆ. ಸಂಜೆವರೆಗೆ ಎಂತದೂ ಆಗ್ತಿರ್ಲಿಲ್ಲ. ಆಮೇಲೆ ಇವ್ರು ಮುಂದಕ್ಕೆ ಹಾಕೋರು. ಇಟ್ಟಿದ್ದು ಅಷ್ಟರಲ್ಲಿ ಕೆಟ್ಟಿದ್ರೆ? ಮತ್ತೆ ನೋಡ್ಬೇಕಲ್ಲ. ನಿಂಗೆ ಹೇಳಿದ್ರೆ ಕೂಗಾಡ್ತಿದ್ದಿ."

ಅಣಬೆ ಸಾರಿನ ಮುಂದೆ ಖಾಲಿ ತಟ್ಟೆ ಹಿಡಿದು ಕೂತ ದಿನಗಳೆಲ್ಲ ಒಟ್ಟಿಗೇ ಕಣ್ಣೆದುರು ಬಂದವು. ಅವಳು ಉಂಡು, ಕೈತೊಳೆದು, ಕೊಟ್ಟಿಗೆಗೆ ಹೋಗಿ, ಏನೂ ಆಗದೆ ತಿರುಗಿ ಬರುತ್ತಿದ್ದದ್ದು. ಬಾಗಿಲಲ್ಲಿ ಕುಂಕುಮದ ಕೈ ಎತ್ತಿ ನಿಂತದ್ದೂ ಬಂತು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು, ಆದರೆ ನನಗೆ ನಾಚಿಕೆಯೂ ಸಿಟ್ಟಿನ ರೂಪದಲ್ಲೇ ಹೊರಗೆ ಬರುವುದು.

"ತಲೆ ಕೆಟ್ಟಿದ್ಯಾ ನಿಂಗೆ?" ಎಂದು ಕೂಗಿದೆ. "ಡೇಟ್ ಮುಗಿದದ್ದು ಅದು! ತಿಂದು ಏನಾದ್ರೂ ಆಗಿದ್ರೆ? ಸತ್ತೇ ಹೋಗಿದ್ರೆ?"

ಅವ್ವ ಬೀಜಗಳನ್ನು ಅಂಗೈಗೆ ಸುರಿದುಕೊಂಡು, ಜೊಳ್ಳು ಯಾವುದು ಗಟ್ಟಿ ಯಾವುದು ಎಂದು ಬೆರಳಲ್ಲಿ ಬೇರೆ ಮಾಡುತ್ತಿದ್ದಳು.

"ಹಂಗಾಗಿದ್ರೆ ನೀನು ತಿನ್ತಿರ್ಲಿಲ್ಲ" ಎಂದಳು. ಆಮೇಲೆ ಗೋಡೆ ಹಿಡಿದು ಎದ್ದು, ಬೀಜ ಹಾಕಲು ನನ್ನನ್ನು ಹಿತ್ತಲಿಗೆ ಕರೆದಳು.