ಗೌರಮ್ಮ ಹಸೆ ಬರೆಯಲು ಹೋದ ನಾಲ್ಕು ದಿನ

ಕೋವಿಡ್ ಕಾಲ ಮುಗಿದ ಎರಡನೆಯ ವರ್ಷ. ಆಗ ನಾನು ಸಾಗರದಲ್ಲಿ ಒಂದು ಟ್ರಸ್ಟ್ ನಡೆಸುತ್ತಿದ್ದ ವಿಶೇಷ ಅಗತ್ಯವುಳ್ಳವರ ಡೇ ಕೇರ್ ಕೇಂದ್ರದ ಮೇಲ್ವಿಚಾರಕಿ. ನಿವೃತ್ತಿ ಹತ್ತಿರ ಬಂದಿತ್ತು. ಆ ಮಳೆಗಾಲ ಕಳೆದ ಮೇಲೆ ನಾವು ಹೊಸದೊಂದು ಸೇವೆ ಶುರು ಮಾಡಿದೆವು. ಅದಕ್ಕೆ ರೆಸ್ಪೈಟ್ ಕೇರ್ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಕಾಗಿಲ್ಲ. ಮನೆಯಲ್ಲಿ ಅಂಗವೈಕಲ್ಯವಿರುವವರನ್ನು ವರ್ಷಗಟ್ಟಲೆ ನೋಡಿಕೊಳ್ಳುವವರಿಗೆ ಕೆಲವು ದಿನ ಬಿಡುವು ಸಿಗಲಿ ಎಂದು, ಅಷ್ಟು ದಿನ ಆ ಆರೈಕೆಯನ್ನು ತರಬೇತಿ ಪಡೆದವರು ವಹಿಸಿಕೊಳ್ಳುವುದು, ಅಷ್ಟೇ. ಎರಡು ಕೋಣೆ, ನಾಲ್ಕು ಹಾಸಿಗೆ, ವೀಲ್‌ಚೇರ್ ಹೋಗುವಂಥ ಬಚ್ಚಲು, ಹಗಲಿರುಳು ಸಿಬ್ಬಂದಿ, ಎಲ್ಲವೂ ಸಿದ್ಧವಾಯಿತು. ಬರುವವರು ಮಾತ್ರ ಯಾರೂ ಇರಲಿಲ್ಲ. ಹೆತ್ತವರು ಮಕ್ಕಳನ್ನು ಬಿಟ್ಟು ಕೈ ತೊಳೆದುಕೊಳ್ಳುವ ಜಾಗ ಇದು ಎಂದು ಜನ ತಿಳಿದಿದ್ದರು. ಇಸ್ತ್ರಿ ಮಾಡಿಟ್ಟ ಹೊದಿಕೆಗಳನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಹೊಸನಗರ ತಾಲ್ಲೂಕಿನ ಬಟ್ಟೆಮಲ್ಲಪ್ಪದ ಕಡೆಯಿಂದ ಗೌರಮ್ಮ ಎಂಬಾಕೆ ವಾರಕ್ಕೊಮ್ಮೆ ಮಗ ಮಂಜನನ್ನು ಫಿಸಿಯೋಥೆರಪಿಗೆ ಕರೆತರುತ್ತಿದ್ದರು. ಗಂಡ ಈಶ್ವರಪ್ಪ ಗೂಡ್ಸ್ ಆಟೋ ಓಡಿಸುವವರು. ಮಂಜನಿಗೆ ಇಪ್ಪತ್ತೆರಡು ವರ್ಷ. ಅವನಿಗಿದ್ದದ್ದು ಸೆರೆಬ್ರಲ್ ಪಾಲ್ಸಿ, ಅಂದರೆ ಹುಟ್ಟುವ ಹೊತ್ತಿಗೆ ಮೆದುಳಿಗಾದ ಹಾನಿಯಿಂದ ಕೈಕಾಲು ಹತೋಟಿಗೆ ಬಾರದ ಸ್ಥಿತಿ. ಮಾತಿಲ್ಲ, ಆದರೆ ನಗುವಿಗೆ ಬರವಿಲ್ಲ. ತಲೆಯನ್ನು ಸರಿಯಾಗಿ ಹಿಡಿಯದೆ ಅವಸರದಲ್ಲಿ ತಿನ್ನಿಸಿದರೆ ಅನ್ನ ಶ್ವಾಸನಾಳಕ್ಕೆ ಇಳಿಯುವ ಅಪಾಯವಿತ್ತು. ಹಾಗಾಗಿ ಅವನು ಹುಟ್ಟಿದಂದಿನಿಂದ ಗೌರಮ್ಮ ಅವನನ್ನು ಬಿಟ್ಟು ಒಂದು ರಾತ್ರಿಯೂ ಬೇರೆ ಕಡೆ ಉಳಿದಿರಲಿಲ್ಲ.

ಒಂದು ದಿನ ಅವರ ಜೊತೆ ತಂಗಿ ಚೌಡಮ್ಮನೂ ಬಂದರು. ತೀರ್ಥಹಳ್ಳಿ ತಾಲ್ಲೂಕಿನ ಕೋಣಂದೂರಿನ ಹತ್ತಿರದವರು. ಅವರ ಮಗಳ ಮದುವೆ ನಿಶ್ಚಯವಾಗಿತ್ತು. ಅವರು ಮಲೆನಾಡಿನ ದೀವರು ಸಮುದಾಯದವರು. ಆ ಕುಟುಂಬಗಳಲ್ಲಿ ಮದುಮಕ್ಕಳು ಕೂರುವ ಜಾಗದ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ನಾರಿನ ಕುಂಚದಿಂದ ಹಸೆ ಚಿತ್ತಾರ ಬರೆಯುವ ಪದ್ಧತಿಯಿದೆ. ಗೌರಮ್ಮ ಅದರಲ್ಲಿ ಎತ್ತಿದ ಕೈ. ಮಂಜ ಹುಟ್ಟಿದ ಮೇಲೆ ಕುಂಚ ಹಿಡಿದಿರಲಿಲ್ಲ.

“ನೀವಾರೂ ಅಕ್ಕಂಗೆ ಒಂದ್ ಮಾತು ಹೇಳಿ ಮೇಡಂ. ಫ್ಲೆಕ್ಸ್ ಮಾಡ್ಸಿ ಅಂಟ್ಸಾನ ಅಂತಾರೆ ಮನೆ ಹುಡುಗ್ರು. ಮಗಳು ಹಟ ಹಿಡ್ದು ಕೂತೈತೆ, ದೊಡ್ಡಮ್ಮ ಬರೀದಿದ್ರೆ ಗೋಡೆ ಖಾಲಿನೇ ಇರ್ಲಿ ಅಂತ,” ಎಂದರು ಚೌಡಮ್ಮ.

ಮಂಜನನ್ನೂ ಕರೆದುಕೊಂಡು ಹೋಗಬಹುದಲ್ಲ ಎಂದೆ. ಗೌರಮ್ಮ ತಲೆಯಾಡಿಸಿದರು. “ಒಂದ್ ಎಳೆ ಎಳಿಯೋವಷ್ಟ್ರಲ್ಲಿ ಇಂವ ಕೂಗ್ತಾನೆ. ಹಿಟ್ಟು ಕೈಯಾಗೇ ಒಣಗ್ತೈತೆ. ನಂಗೆಂತ ಹಸೆ, ಬಿಡಿ.” ಹಾಗೆಂದವರ ಕಣ್ಣು ತುಂಬಿತ್ತು. ಹೋಗಲು ಎಷ್ಟು ಆಸೆಯಿದೆ ಎಂದು ನನಗೆ ಆಗಲೇ ಗೊತ್ತಾಯಿತು.

ನಮ್ಮಲ್ಲಿ ನಾಲ್ಕು ದಿನ ಬಿಟ್ಟು ಹೋಗಿ ಎಂದೆ. “ನನ್ ಕೈ ಬಿಟ್ರೆ ಯಾರ್ ಕೈಯಾಗೂ ಉಣ್ಣಲ್ಲ ಅಂವ,” ಎಂದರು. ಒಂದು ಊಟದ ಟ್ರಯಲ್ ಆದರೂ ನೋಡೋಣ ಎಂದು ಒಪ್ಪಿಸಿದೆ. ನನ್ನ ಬಾಯಿಗೆ ಹೆದರಿ ಒಪ್ಪಿದರೇನೋ.

ಊಟ ಮಾಡಿಸುವ ಹೊಣೆ ರೀಟಾಳದು. ಮಂಗಳೂರಿನ ಕಡೆಯ ಹುಡುಗಿ, ಈ ಕೆಲಸದಲ್ಲಿ ಒಳ್ಳೆಯ ತರಬೇತಿ ಪಡೆದವಳು. ದಿಂಬು, ಕತ್ತಿನ ಓರೆ, ಚಮಚ, ಯಾವುದರಲ್ಲೂ ತಪ್ಪಿರಲಿಲ್ಲ. ನುಂಗಲು ಕಷ್ಟವಿರುವವರಿಗೆ ಸದ್ದುಗದ್ದಲವಿಲ್ಲದೆ ತಿನ್ನಿಸಬೇಕು ಎಂಬುದು ನಿಯಮ. ಅದನ್ನೂ ಪಾಲಿಸಿದಳು. ಮಂಜ ತುಟಿ ಬಿಗಿದು ಕೂತ. ಮರುವಾರವೂ ಅದೇ ಕಥೆ. ಗೌರಮ್ಮನ ಮುಖದಲ್ಲಿ ಚಿಂತೆಯಿತ್ತು, ಸುಳ್ಳೇಕೆ, ಸ್ವಲ್ಪ ಹೆಮ್ಮೆಯೂ ಇತ್ತು.

ಹಾಗಾದರೆ ನೀವೇ ತಿನ್ನಿಸಿ, ನಾವು ನೋಡುತ್ತೇವೆ ಎಂದೆವು. ಗೌರಮ್ಮ ತಟ್ಟೆ ಹಿಡಿದದ್ದೇ ತಡ, ಬಾಯಿ ಶುರುವಾಯಿತು. ಯಾರ ಮನೆ ಎಮ್ಮೆ ಕರು ಹಾಕಿತು, ನಲ್ಲಿ ನೀರಿಗಾಗಿ ಯಾರು ಯಾರಿಗೆ ಬೈದರು, ಬಸ್ಸು ನಿಲ್ಲಿಸದ ಡ್ರೈವರನಿಗೆ ಅಜ್ಜಿಯೊಬ್ಬಳು ಏನೆಂದಳು. ಸುದ್ದಿ ರುಚಿಗಟ್ಟುವ ಹೊತ್ತಿಗೆ ಸರಿಯಾಗಿ ನಿಲ್ಲಿಸಿ ತುತ್ತಿಡುವರು. ಮಂಜ ನುಂಗಿ ‘ಹೂಂ’ ಎಂದ ಮೇಲೆ ಮುಂದಿನ ಕಥೆ. ತಟ್ಟೆ ಖಾಲಿಯಾಯಿತು.

“ಅಯ್ಯೋ, ಇವನಿಗೆ ಊಟ ಅಲ್ಲ ಮೇಡಂ, ಊರ ಸುದ್ದಿ ಬೇಕಾದ್ದು!” ಎಂದು ರೀಟಾ ಬಿದ್ದು ಬಿದ್ದು ನಕ್ಕಳು. ಇದನ್ನು ಮೊದಲೇ ಏಕೆ ಹೇಳಲಿಲ್ಲ ಎಂದು ಗೌರಮ್ಮನನ್ನು ಕೇಳಿದರೆ ಅವರಿಗೇ ಆಶ್ಚರ್ಯ. “ಉಣ್ಣಾ ಹೊತ್ತಿಗೆ ಮಾತಾಡ್ದೆ ಇರ್ತಾರಾ ಯಾರಾರೂ?”

ಅಂದಿನಿಂದ ರೀಟಾಳಿಗೆ ಹೊಸ ಪಾಠ. ಗೌರಮ್ಮನ ಎದುರು ಕೂತು ಆ ಊರಿನ ಎಲ್ಲರ ಮನೆಯ ಸಂಗತಿ ಕಲಿತಳು. ಬಾಯಿ ಖಾಲಿಯಿದ್ದಾಗ ಸುದ್ದಿ, ತುತ್ತಿದ್ದಾಗ ಮೌನ ಎಂದು ನಾವೊಂದು ಕ್ರಮ ಮಾಡಿಕೊಂಡೆವು. ಮುಂದಿನ ವಾರ ಅವಳು, “ನಿಮ್ಮ ಪಕ್ಕದ ಮನೆಯ ಎಮ್ಮೆ ಉಂಟಲ್ಲ ಮಾರಾಯ, ಅದು ನಿನ್ನೆ ಎಂತ ಮಾಡಿತು ಗೊತ್ತುಂಟಾ?” ಎನ್ನುತ್ತಿದ್ದಂತೆ ಮಂಜ ಅವಳ ಮಾತಿನ ಧಾಟಿಗೇ ಕೇಕೆ ಹಾಕಿ ನಕ್ಕ. ನಗು ಇಳಿದ ಮೇಲೆ ಬಾಯಿ ತೆರೆದ, ಉಂಡ. ಬಾಗಿಲ ಮರೆಯಲ್ಲಿ ನಿಂತಿದ್ದ ಗೌರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. “ನಾನಿಲ್ದಿದ್ರೂ ಉಂಡ್ನಲ್ಲ ಮೇಡಂ!” ಅದರಲ್ಲಿ ಸಂತೋಷವೂ ಇತ್ತು, ಚೂರು ನೋವೂ ಇತ್ತು.

ಕೊನೆಗೂ ಅವರು ಕೋಣಂದೂರಿಗೆ ಹೊರಟರು. ಮೊದಲ ದಿನ ಫೋನಿನ ಮೇಲೆ ಫೋನು. ಉಂಡ್ನಾ, ಮಲಗಿದ್ನಾ, ಅತ್ನಾ. ಆ ರಾತ್ರಿ ಮಂಜ ಅತ್ತದ್ದು ನಿಜ. ಅದನ್ನು ಮುಚ್ಚಿಡದೆ ಹೇಳಿದೆ. ಅಪ್ಪ ಬಂದು ಪಕ್ಕದಲ್ಲಿ ಕೂತ ಮೇಲೆ ಮಲಗಿದ ಎಂಬುದನ್ನೂ ಹೇಳಿದೆ. ಎರಡನೆಯ ದಿನ ಕರೆಗಳು ಕಡಿಮೆಯಾದವು. ಮೂರನೆಯ ದಿನ ಒಂದೂ ಬರಲಿಲ್ಲ. ಸಂಜೆಯ ಹೊತ್ತಿಗೆ ನನಗೇ ಗಾಬರಿ. ಫೋನ್ ಮಾಡಿದರೆ ಎತ್ತಿಕೊಂಡವರು ಚೌಡಮ್ಮ. “ಅಕ್ಕ ಗೋಡೆ ಬಿಟ್ಟು ಏಳ್ತಾನೇ ಇಲ್ಲ ಮೇಡಂ. ಹಾಡ್ ಬ್ಯಾರೆ ಹೇಳ್ತೈತೆ. ಕರೀಲಾ?” ಬೇಡವೇ ಬೇಡ ಎಂದೆ. ಆ ಸಂತೋಷಕ್ಕೆ ಕೇಂದ್ರದಲ್ಲಿದ್ದವರಿಗೆಲ್ಲ ಹೋಟೆಲಿನಿಂದ ಮಸಾಲೆ ದೋಸೆ ತರಿಸಿದೆ.

ನಾಲ್ಕನೆಯ ದಿನ ಮದುವೆ. ಮಂಜನನ್ನು ನಮ್ಮ ವ್ಯಾನಿನಲ್ಲೇ ಕರೆದೊಯ್ದೆವು. ಗೋಡೆಯ ತುಂಬ ಬಿಳಿ ಎಳೆಗಳು, ಅದರ ಮುಂದೆ ಮದುಮಗಳು. ಹುಡುಗಿಯ ಮುಖ ನೋಡಬೇಕಿತ್ತು! ಗೌರಮ್ಮ ಓಡಿಬಂದು ಮಗನ ಕೆನ್ನೆ ಹಿಂಡಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು. “ನಿನ್ನೆ ಇಡೀ ದಿನ ನಂಗೆ ಇವ್ನ ನೆನಪೇ ಬರ್ಲಿಲ್ಲ ಮೇಡಂ. ಮಲಗಾಕೆ ಹೋದಾಗ್ಲೇ ಗೊತ್ತಾಗಿದ್ದು. ಎಂಥ ತಾಯಿ ನಾನು?”

“ನೀವು ಮರೀಲಿ ಅಂತಾನೇ ಗೌರಮ್ಮ ಅವನನ್ನ ನಾವು ಇಟ್ಕೊಂಡಿದ್ದು. ನೆನಪಿಟ್ಕೊಳ್ಳೋಕೆ ನಾವಿದ್ವಲ್ಲ,” ಎಂದೆ.

ಅವರು ಅಳುತ್ತಲೇ ನಕ್ಕುಬಿಟ್ಟರು. “ಹಂಗಾರೆ ಮೇಡಂ, ಬರೋ ತಿಂಗ್ಳು ನಮ್ ನಾದ್ನಿ ಮನೇಲೂ ಮದ್ವೆ ಐತೆ.”

ಅದುವರೆಗೆ ವೃತ್ತಿಯಲ್ಲಿ ನಾನು ಕೇಳುತ್ತಿದ್ದುದೆಲ್ಲ ಮಗು ಎಷ್ಟು ಉಂಡಿತು, ಎಷ್ಟು ಮಲಗಿತು ಎಂಬುದನ್ನೇ. ಅದೂ ಬೇಕು. ಆದರೆ ಹೆತ್ತವಳು ಒಂದು ಹಗಲಾದರೂ ಮಗನನ್ನು ಮರೆತು ಹಾಡಿಕೊಂಡು ಇರುವಷ್ಟು ನಂಬಿಕೆಯನ್ನು ನಾವು ಗಳಿಸಬೇಕು. ನಮ್ಮ ಕೆಲಸ ಅಷ್ಟು ದೊಡ್ಡದು ಎಂದು ನನಗೆ ತಿಳಿದದ್ದು ಆ ಮದುವೆಮನೆಯಲ್ಲಿ.